ಅಡ್ಡಹೆಸರಿನ ಕಾಲಂ

ಸಿಂದಗಿಯ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನಮ್ಮದು ಟಿಕೆಟ್ ಬುಕಿಂಗ್ ಅಂಗಡಿ. ಪುಣೆ, ಮುಂಬೈ ಕಡೆ ದುಡಿಯಲು ಹೋಗುವವರಿಗೆ ಖಾಸಗಿ ಬಸ್ಸಿನ ಸೀಟು ಬರೆದುಕೊಡಲು ನನ್ನ ತಂದೆ, ಅಬ್ಬಾ, ಅದನ್ನು ಶುರು ಮಾಡಿದ್ದರು. ಒಂದು ಟೇಬಲ್, ಒಂದು ಫೋನು, ಸೀಟಿನ ನಕ್ಷೆ ಅಚ್ಚು ಹಾಕಿಸಿದ ಒಂದು ಪುಸ್ತಕ, ಇಷ್ಟೇ ಸಾಮಾನು. ನಾನು ಬಿ.ಕಾಂ. ಮುಗಿಸಿ ಅಲ್ಲಿ ಕೂತ ಮೇಲೆ ಕಂಪ್ಯೂಟರ್ ಬಂತು, ರೈಲು ಟಿಕೆಟ್ ಬಂತು. ಆಮೇಲೆ ಬೋರ್ಡಿನ ಕೆಳಗೆ ವಿಮಾನದ ಟಿಕೆಟ್ಟೂ ಸಿಗುತ್ತದೆ ಎಂದು ನಾನೇ ಬರೆಸಿದೆ.

"ನಮ್ಮ ಕಡೆಯಿಂದ ಯಾರು ವಿಮಾನಕ್ಕ ಹೋಗ್ತಾರ?" ಎಂದು ಅಬ್ಬಾ ಕೇಳಿದ್ದರು.

ಹೋಗುವವರಿದ್ದರು. ರಜೆ ಮುಗಿಸಿ ಮರಳುವ ಸೈನಿಕರು, ಪರೀಕ್ಷೆಗೆ ಹೋಗುವ ಹುಡುಗಿಯರು ಮತ್ತು ಅವರ ಜೊತೆಗೊಬ್ಬ ಸೋದರಮಾವ, ದೊಡ್ಡ ಆಸ್ಪತ್ರೆಗೆ ತೋರಿಸಲು ಹೋಗುವವರು. ಕಡಿಮೆ ದರದ ವಿಮಾನಗಳು ಹುಬ್ಬಳ್ಳಿಯಿಂದ ಹಾರತೊಡಗಿದ ಮೇಲೆ ತಿಂಗಳಿಗೆ ಹತ್ತು ಹನ್ನೆರಡು ಟಿಕೆಟ್ ಆಗುತ್ತಿದ್ದವು. ಈ ಕೆಲಸ ನನಗೆ ಪೂರ್ತಿ ಗೊತ್ತು ಎಂಬ ಭಾವನೆ ನನ್ನಲ್ಲಿ ಬಂದಿತ್ತು. ನಾನು ಹೇಳಹೊರಟಿರುವುದು ಆಮೇಲಿನದು.

ಕನ್ನೊಳ್ಳಿಯ ಒಬ್ಬ ಹೆಂಗಸು ಅಂಗಡಿಗೆ ಬಂದರು. ವಯಸ್ಸು ಐವತ್ತೈದರ ಆಸುಪಾಸು, ಗಟ್ಟಿ ಆಳು. ಬಲಗೈಯ ಬೆರಳ ತುದಿಗಳು ಹಂಚಿನ ಕಾವಿಗೆ ಕಪ್ಪಾಗಿದ್ದವು. ಊರಿನ ಹದಿನೈದು ಹೆಂಗಸರನ್ನು ಕೂಡಿಸಿ ಕಡಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳನ್ನು ಮಾಡಿ ಮಾರುವ ಸಂಘ ನಡೆಸುತ್ತಿದ್ದರು. ದಿಲ್ಲಿಯಲ್ಲಿ ಮಹಿಳಾ ಸಂಘಗಳ ಮೇಳವೊಂದು ಇತ್ತು. ಅದಕ್ಕೆ ಇವರ ಸಂಘದಿಂದ ಮೂರು ಜನ ಬರಬೇಕೆಂದು ಕಾಗದ ಬಂದಿತ್ತು. ನಾನು ಅವರನ್ನು ಅಕ್ಕಾ ಎಂದು ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ.

"ರೈಲಿಗೆ ಹೋದ್ರ ರೊಟ್ಟಿ ಪುಡಿಪುಡಿ ಆಗತಾವ ತಂಗಿ. ಹ್ವಾದ ವರ್ಷ ಬೆಂಗಳೂರಿಗೆ ಒಯ್ದಾಗ ಹಂಗ ಆಗಿತ್ತು. ಮುರಿದ ಅರ್ಧಾ ರೊಟ್ಟಿ ಬಳ್ಳೊಳ್ಳಿ ಹಾಕಿ ಕುಟ್ಟಿ ಮುಟಗಿ ಮಾಡಿ ಮಾರಿದ್ವಿ" ಎಂದರು.

ವಿಮಾನದಲ್ಲೂ ಪೆಟ್ಟಿಗೆಗಳನ್ನು ಎತ್ತಿ ಒಗೆಯುತ್ತಾರೆ ಎಂದು ನಾನು ಹೇಳಲಿಲ್ಲ. ಮೂವರ ಆಧಾರ್ ಕಾರ್ಡು ಇಸಿದುಕೊಂಡೆ. ಜೊತೆಗೆ ಹೋಗುವ ಇಬ್ಬರ ಕಾರ್ಡಿನಲ್ಲಿ ಹೆಸರು, ಅಡ್ಡಹೆಸರು ಎರಡೂ ಇದ್ದವು. ಅಕ್ಕನ ಕಾರ್ಡಿನಲ್ಲಿ ಇದ್ದದ್ದು ಬರೀ ಹೆಸರು.

"ಅಡ್ಡಹೆಸರು ಯಾಕ ಇಲ್ಲರಿ ಅಕ್ಕಾ?"

"ಹೆಸರೇನ ಅಂತ ಕೇಳಿದ್ರು, ಹೆಸರು ಹೇಳಿದೆ. ಅಡ್ಡಹೆಸರು ಯಾರೂ ಕೇಳಲಿಲ್ಲ."

ಕಂಪ್ಯೂಟರಿನ ಫಾರ್ಮು ಕೇಳುತ್ತಿತ್ತು. ಮೊದಲ ಹೆಸರಿಗೊಂದು ಕಾಲಂ, ಅಡ್ಡಹೆಸರಿಗೊಂದು ಕಾಲಂ. ಎರಡನೆಯದನ್ನು ಖಾಲಿ ಬಿಟ್ಟರೆ ಕೆಂಪು ಗೆರೆ ಮೂಡಿ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಗಂಡನ ಮನೆಯ ಅಡ್ಡಹೆಸರು ಕೇಳಿ ಅದನ್ನೇ ಟೈಪು ಮಾಡಿದೆ. ಪುಟ ತೆರೆಯಿತು. ಟಿಕೆಟ್ ಆಯಿತು. ಕಾಗದ ಮಡಚಿ ಕುಬಸದೊಳಗಿನ ಚೀಲಕ್ಕೆ ಇಟ್ಟುಕೊಂಡು ಅಕ್ಕ ಹೋದರು.

ಹೊರಡುವ ದಿನ ಮೂವರೂ ಮುಂಜಾನೆಯ ಬಸ್ಸಿಗೆ ಹತ್ತಿದರು. ಅಕ್ಕ ಬಸವನ ಬಾಗೇವಾಡಿ ದಾಟಿದಾಗ ಒಂದು ಸಲ, ನಿಡಗುಂದಿಯಲ್ಲಿ ಚಹಾ ಕುಡಿಯುವಾಗ ಒಂದು ಸಲ ಫೋನು ಮಾಡಿ ಪೆಟ್ಟಿಗೆಗಳು ಸುರಕ್ಷಿತ ಇವೆ ಎಂದರು. ವಿಮಾನ ಸಂಜೆಯದು. ಮಧ್ಯಾಹ್ನ ಮೂರರ ಹೊತ್ತಿಗೆ ಮತ್ತೆ ಫೋನು ಬಂತು.

"ತಂಗಿ, ಇಲ್ಲಿ ನನ್ನ ಒಳಗ ಬಿಡವಲ್ರು. ಅವರಿಬ್ಬರನ್ನ ಬಿಟ್ರು, ನನಗ ನಿಂದ್ರು ಅಂದ್ರು."

ಬಾಗಿಲಲ್ಲಿದ್ದ ಭದ್ರತೆಯವನಿಗೆ ಫೋನು ಕೊಡಿಸಿದೆ. ಹಿಂದಿಯಲ್ಲಿ ಸಮಾಧಾನದಿಂದಲೇ ಮಾತಾಡಿದ. ಟಿಕೆಟ್ಟಿನಲ್ಲಿ ಎರಡು ಹೆಸರು ಇವೆ, ಕಾರ್ಡಿನಲ್ಲಿ ಒಂದಿದೆ, ವಿಮಾನದ ಕಂಪನಿಯವರು ತಿದ್ದಿಕೊಟ್ಟರೆ ಬಿಡುತ್ತೇನೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಕಂಪನಿಯ ಕಿಟಕಿ ಅಲ್ಲೇ ಹೊರಗೆ ಇತ್ತು. ಅದರಲ್ಲಿ ಕೂತ ಹುಡುಗಿ, ಬುಕ್ ಮಾಡಿದವರೇ ಗ್ರಾಹಕ ಸೇವೆಗೆ ಫೋನು ಮಾಡಬೇಕು, ಇಲ್ಲಿಂದ ಹೆಸರು ಮುಟ್ಟಲು ಬರುವುದಿಲ್ಲ ಎಂದಳಂತೆ. ನಾನು ಆ ಸಂಖ್ಯೆಗೆ ಫೋನು ಹಚ್ಚಿದೆ. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಆಮೇಲೆ ವಾದ್ಯದ ಸಂಗೀತ. ನಡುನಡುವೆ ಹೆಂಗಸಿನ ದನಿಯೊಂದು ನಮ್ಮ ಕರೆ ಅವರಿಗೆ ಬಹಳ ಮುಖ್ಯ ಎಂದು ಹೇಳುತ್ತಿತ್ತು. ಅಷ್ಟರಲ್ಲಿ ಮುದ್ದೇಬಿಹಾಳದ ಒಬ್ಬರು ಹೈದರಾಬಾದಿನ ಬಸ್ಸು ಕೇಳಿಕೊಂಡು ಬಂದರು. ಫೋನನ್ನು ಕಿವಿಗಿಟ್ಟುಕೊಂಡೇ ಅವರಿಗೆ ಸೀಟು ಕೊಟ್ಟೆ. ಅಬ್ಬಾ ನನ್ನ ಎದುರಿನ ಕುರ್ಚಿಯಲ್ಲಿ ಬಂದು ಕೂತರು.

ಸುಮಾರು ನಲವತ್ತು ನಿಮಿಷ ಆದ ಮೇಲೆ ಒಬ್ಬ ಮನುಷ್ಯ ಸಿಕ್ಕ. ಹೆಸರಿನ ಬದಲಾವಣೆಗೆ ಅವಕಾಶ ಇಲ್ಲ, ರದ್ದು ಮಾಡಿ ಹೊಸದು ತೆಗೆಯಿರಿ ಎಂದ. ಇದು ಬದಲಾವಣೆ ಅಲ್ಲ, ಅದೇ ಹೆಂಗಸು, ಒಂದು ಶಬ್ದ ತೆಗೆದರೆ ಸಾಕು ಎಂದೆ. ಅವನು ಮೊದಲಿನ ವಾಕ್ಯವನ್ನೇ ಮತ್ತೊಮ್ಮೆ ಹೇಳಿದ. ಅಷ್ಟು ಹೊತ್ತಿಗೆ ಕೌಂಟರ್ ಮುಚ್ಚುವ ಸಮಯ ಆಗಿತ್ತು.

ಹುಬ್ಬಳ್ಳಿಯಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದರು. ಒಳಗೆ ಹೋಗಿದ್ದ ಇಬ್ಬರೂ ಗಾಜಿನ ಆಚೆ ನಿಂತು ಇವರನ್ನೇ ನೋಡುತ್ತಿದ್ದರು. ಅವರಲ್ಲಿ ಸಣ್ಣವಳು ಅಳಲು ಶುರುಮಾಡಿ, ನಾವೂ ಹೊರಗೆ ಬರುತ್ತೇವೆ ಎಂದು ಫೋನಿನಲ್ಲಿ ಹೇಳಿದಳು. ಅಕ್ಕ ಗದರಿಸಿದರು. "ಹೊರಗ ಬಂದ್ರ ಮೂರೂ ಜನದ್ದು ಹೋತು. ನಡೀರಿ. ನಾಳೆ ಮುಂಜಾನೆ ಮೇಳದಾಗ ಅಂಗಡಿ ತೆಗೀರಿ. ರೊಟ್ಟಿ ಹೆಂಗ ಮಾರಬೇಕಂತ ನಾ ಬಂದು ಕಲಸಬೇಕೇನ ನಿಮಗ?" ಅವರು ಹೋದರು. ಎರಡು ಪೆಟ್ಟಿಗೆ ರೊಟ್ಟಿಯ ಜೊತೆ ಅಕ್ಕ ಹೊರಗಿನ ಕಟ್ಟೆಯ ಮೇಲೆ ಕೂತರು.

ವಿಮಾನ ಹೋದ ಮೇಲೆ ಕಿಟಕಿಯ ಹುಡುಗಿ ಹೊರಗೆ ಬಂದು ಅವರ ಹತ್ತಿರ ನಿಂತಳು. ಅಲ್ಲಿಯವರೆಗೆ ಹಿಂದಿಯಲ್ಲೇ ಮಾತಾಡಿದ್ದವಳು ಈಗ ಕೇಳಿದಳು: "ಯಾವ ಊರ್ರಿ ನಿಮ್ದು, ದೊಡ್ಡವ್ವಾ?"

"ಕನ್ನೊಳ್ಳಿ."

"ನಂದು ಬಾಗೇವಾಡಿರಿ."

"ಹಂಗಾರ ಇಷ್ಟೊತ್ತು ಹಿಂದಿ ಯಾಕ ಮಾತಾಡಿದಿ?"

"ಈ ಕಂಪನಿ ಅರಿವಿ ಹಾಕ್ಕೊಂಡ ಮ್ಯಾಲ ಕನ್ನಡ ಬಾಯಿಗೆ ಬರೂದಿಲ್ಲರಿ" ಎಂದಳಂತೆ ಹುಡುಗಿ.

ಅವಳೇ ನನಗೆ ಫೋನು ಮಾಡಿದಳು. ಅಡ್ಡಹೆಸರು ಇಲ್ಲದವರಿಗೆ ಎರಡೂ ಕಾಲಮಿನಲ್ಲಿ ಅದೇ ಹೆಸರು ಹಾಕಬೇಕು, ಹಾಗೆ ಹಾಕಿದರೆ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ ಎಂದು ಹೇಳಿಕೊಟ್ಟಳು. ಮರುದಿನದ ಟಿಕೆಟ್ಟನ್ನು ಹಾಗೆಯೇ ತೆಗೆದೆ. ಅಕ್ಕ ಆ ದಿನ ಹುಡುಗಿಯ ಬಾಡಿಗೆ ಕೋಣೆಯಲ್ಲಿ ಉಳಿದರು. ಹುಡುಗಿ ಅನ್ನ ಸಾರು ಮಾಡಿದಳು, ಅಕ್ಕ ಪೆಟ್ಟಿಗೆ ಬಿಚ್ಚಿ ರೊಟ್ಟಿ ಕೊಟ್ಟರು. ಮರುದಿನ ಬಾಗಿಲಲ್ಲಿ ಅದೇ ಭದ್ರತೆಯವನು ಇದ್ದ. ಕಾರ್ಡು ನೋಡಿ, ಟಿಕೆಟ್ ನೋಡಿ, ಹೋಗಿ ಎಂದ.

ದಿಲ್ಲಿಯ ಮೇಳ ಹತ್ತು ದಿನ ನಡೆಯಿತು. ಹಿಂದಿ ಬಾರದ ಆ ಇಬ್ಬರು ಹೆಂಗಸರು ಮೊದಲ ದಿನ ಏನು ಮಾಡಿದರೋ ಎಂದು ಅಕ್ಕ ದಾರಿಯುದ್ದಕ್ಕೂ ಚಿಂತೆ ಮಾಡಿದ್ದರು. ಅವರು ಚೆನ್ನಾಗಿಯೇ ಮಾರಿದ್ದರು. ರೊಟ್ಟಿ ಮುರಿದು ಅದರ ಮೇಲೆ ಹಿಂಡಿ, ಎಣ್ಣೆ ಹಾಕಿ ಬಂದವರ ಕೈಗೆ ಇಡುತ್ತಿದ್ದರಂತೆ. ಮಾತು ಬೇಕಾಗಿರಲಿಲ್ಲ.

"ನಾ ಇಲ್ಲದಿದ್ರೂ ನಡೀತೈತಿ ಅಂತ ಗೊತ್ತಾತು. ಛಲೋನೂ ಅನಸ್ತು, ಕೆಟ್ಟೂ ಅನಸ್ತು" ಎಂದು ತಿರುಗಿ ಬಂದ ಮೇಲೆ ಅಂಗಡಿಯಲ್ಲಿ ಕೂತು ಹೇಳಿದರು. ಹೊಸ ಟಿಕೆಟ್ಟಿನ ದುಡ್ಡು ಯಾರು ಕೊಟ್ಟರು ಎಂದು ಕೇಳಿದರು. ನಾನೇ ಎಂದೆ. ತಪ್ಪು ಯಾರದು ಎಂದು ಕೇಳಿದರು.

"ಕಂಪನಿದುರಿ ಅಕ್ಕಾ. ಒಂದ ಹೆಸರಿದ್ದವರು ಏನ ಮಾಡಬೇಕಂತ ಅವರು ಎಲ್ಲೂ ಬರದೇ ಇಲ್ಲ" ಎಂದೆ. ಹಾಗೆಂದು ನಾನು ನಂಬಿದ್ದೆ.

ಅದೇ ಸಿಟ್ಟಿನಲ್ಲಿ ಕಂಪನಿಗೆ ಇಂಗ್ಲಿಷಿನಲ್ಲಿ ದೂರು ಬರೆದೆ. ಎರಡು ನಿಮಿಷದಲ್ಲಿ ಉತ್ತರ ಬಂತು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ನನ್ನ ದೂರನ್ನು ಯಾರೂ ಓದಿಲ್ಲ ಎಂದು ಗೊತ್ತಾಯಿತು. ಮತ್ತೆ ಬರೆದೆ, ಅದೇ ಉತ್ತರ ಬಂತು. ಮೂರನೆಯ ಸಲ ಉದ್ದವಾಗಿ ಬರೆದೆ. ಕಟ್ಟೆಯ ಮೇಲೆ ಕೂತ ಅಕ್ಕನ ವಿಷಯ, ಗಾಜಿನ ಆಚೆ ನಿಂತು ಅತ್ತವಳ ವಿಷಯ ಎಲ್ಲ ಬರೆದೆ. ಉತ್ತರ ಬರಲಿಲ್ಲ. ನಾನು ಮರೆತೆ ಎಂದರೆ ಸುಳ್ಳಾಗುತ್ತದೆ. ಅಂಗಡಿಗೆ ಬಂದವರಿಗೆಲ್ಲ ಕಂಪನಿಯನ್ನು ಬಯ್ಯುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಆ ವಿಮಾನ ಕಂಪನಿಯ ಗ್ರಾಹಕ ವಿಭಾಗದ ಹೆಂಗಸು. ಬೆಂಗಳೂರು ಕಡೆಯ ಕನ್ನಡ.

"ನಿಮ್ಮ ಮೂರನೇ ಪತ್ರ ಓದಿದೆ ಮೇಡಂ. ನೀವು ಈಗ ಕಂಪ್ಯೂಟರ್ ಮುಂದೆ ಇದೀರಾ? ಬುಕಿಂಗ್ ಪುಟ ತೆಗೀತೀರಾ?"

ತೆಗೆದೆ.

"ಅಡ್ಡಹೆಸರಿನ ಕಾಲಂ ಪಕ್ಕದಲ್ಲಿ ಒಂದು ಸಣ್ಣ ಗುಂಡಗಿನ ಗುರುತಿದೆ. ಅದನ್ನ ಒತ್ತಿ ನೋಡಿ."

ಬೂದು ಬಣ್ಣದ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಗುರುತು. ಅದು ಮೊದಲಿನಿಂದಲೂ ಅಲ್ಲಿತ್ತು. ಒತ್ತಿದೆ. ಅಡ್ಡಹೆಸರು ಇಲ್ಲದ ಪ್ರಯಾಣಿಕರು ಎರಡೂ ಕಾಲಮಿನಲ್ಲಿ ಹೆಸರನ್ನೇ ಬರೆಯಬೇಕು ಎಂಬ ಸಾಲು ತೆರೆದುಕೊಂಡಿತು. ನೂರಾರು ಸಲ ಆ ಪುಟ ತುಂಬಿದ್ದೆ. ಆ ಗುರುತನ್ನು ಒಂದು ಸಲವೂ ಒತ್ತಿರಲಿಲ್ಲ.

ಆ ಸಾಲನ್ನು ಆಕೆಗೆ ಓದಿ ಹೇಳಿದೆ.

"ನಿಯಮ ಇತ್ತು ಅಂತ ಹೇಳೋದಕ್ಕೆ ಫೋನ್ ಮಾಡಿಲ್ಲ" ಎಂದರು ಆಕೆ. "ದಿನಾ ಈ ಕೆಲಸ ಮಾಡೋ ನಿಮಗೇ ಕಾಣಲಿಲ್ಲ ಅಂದ್ರೆ ಅದು ಇದ್ದೂ ಇಲ್ಲದ ಹಾಗೆ. ನಿಮ್ಮ ಕಡೆ ಹೆಸರುಗಳು ಹೇಗೆಲ್ಲ ಇರುತ್ತವೆ, ಫಾರ್ಮಲ್ಲಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತವೆ ಅಂತ ಒಂದು ಪಟ್ಟಿ ಮಾಡಿ ಕಳಿಸ್ತೀರಾ? ಯಾರ ನಿಜವಾದ ಹೆಸರೂ ಬೇಡ."

ಎರಡು ವಾರ ಆ ಪಟ್ಟಿ ಮಾಡಿದೆ. ಅಂಗಡಿಗೆ ಬಂದವರ ಕಾರ್ಡುಗಳನ್ನು ಅವರನ್ನು ಕೇಳಿಯೇ ನೋಡಿದೆ. ಬರೀ ಹೆಸರಿರುವವರು ಇದ್ದರು. ಅಪ್ಪನ ಹೆಸರು ನಡುವೆ ಬಂದು ಹೆಸರು ಮೂರು ತುಂಡಾದವರು ಇದ್ದರು. ಇಂಡಿ ಊರಿನ ಒಬ್ಬ ನಿವೃತ್ತ ಮಾಸ್ತರರ ಕಾರ್ಡಿನಲ್ಲಿ ಅಡ್ಡಹೆಸರು ಮರಾಠಿಯಲ್ಲಿ ಉಚ್ಚರಿಸುವ ಹಾಗೆ, ಪಿಂಚಣಿ ಪುಸ್ತಕದಲ್ಲಿ ಕನ್ನಡದಲ್ಲಿ ಉಚ್ಚರಿಸುವ ಹಾಗೆ ಇತ್ತು. ನಮ್ಮ ಮುಸಲ್ಮಾನರಲ್ಲಿ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಬರುವ 'ಬೀ' ಕೆಲವು ಕಾರ್ಡುಗಳಲ್ಲಿ ಹೆಸರಿಗೆ ಅಂಟಿಕೊಂಡಿತ್ತು, ಕೆಲವುಗಳಲ್ಲಿ ಬೇರೆ ನಿಂತಿತ್ತು. ಬೇರೆ ನಿಂತದ್ದನ್ನು ಕಂಪ್ಯೂಟರು ಅಡ್ಡಹೆಸರು ಎಂದು ತಿಳಿಯುತ್ತಿತ್ತು. ನಮ್ಮ ಅಮ್ಮನದು ಹಾಗೆಯೇ. ಎಲ್ಲ ಬರೆದು ಕಳಿಸಿದೆ. ತಲುಪಿತು, ಧನ್ಯವಾದ ಎಂದು ಒಂದು ಸಾಲು ಬಂತು. ಆ ಹೆಂಗಸಿನಿಂದ ಮತ್ತೆ ಫೋನು ಬರಲಿಲ್ಲ.

ಅಕ್ಕನಿಗೆ ನಿಜ ಹೇಳುವುದು ಬಾಕಿ ಇತ್ತು. ಅದನ್ನು ಇನ್ನೂ ಎರಡು ವಾರ ಮುಂದೆ ಹಾಕಿದೆ. ಒಂದು ದಿನ ಅಬ್ಬಾನ ಹತ್ತಿರ ಹೇಳಿದಾಗ ಅವರು, "ಆಕಿ ನಮ್ಮ ಅಂಗಡಿ ನಂಬಿ ಬಂದಾಕಿ. ಹೋಗಿ ಹೇಳಿ ಬಾ. ಫೋನಿನಾಗ ಹೇಳಬ್ಯಾಡ" ಎಂದರು. ಬಸ್ಸು ಹತ್ತಿ ಕನ್ನೊಳ್ಳಿಗೆ ಹೋದೆ.

ಸಂಘದ ಶೆಡ್ಡಿನಲ್ಲಿ ಆರು ಒಲೆ ಉರಿಯುತ್ತಿದ್ದವು. ಅಕ್ಕ ರೊಟ್ಟಿ ಬಡಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ನಿಯಮ ಅಲ್ಲಿಯೇ ಬರೆದಿತ್ತು, ನಾನು ನೋಡಿರಲಿಲ್ಲ, ತಪ್ಪು ನನ್ನದು ಎಂದು ಹೇಳಿದೆ. ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ರೊಟ್ಟಿ ಮುಗಿಸಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ನನ್ನ ಕಡೆ ತಿರುಗಿದರು.

"ಯಾವಾಗ ಗೊತ್ತಾತು ನಿನಗ?"

"ತಿಂಗಳಾತ್ರಿ."

"ತಿಂಗಳತನಾ ಸುಮ್ಮಕ ಕುಂತಿದ್ದೀ?"

ಅವರು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ಊರ ಮಂದಿಗೆಲ್ಲಾ ಕಂಪನಿದು ತಪ್ಪಂತ ಹೇಳೇನಿ. ಸಂಘದ ಮೀಟಿಂಗಿನ್ಯಾಗೂ ಹೇಳೇನಿ. ಈಗ ಮನಿಮನಿಗೆ ಹೋಗಿ ತಿದ್ದಿ ಹೇಳ್ಲೇನ?" ಅವರ ದನಿ ಏರಿರಲಿಲ್ಲ. ಒಲೆಗಳ ಹತ್ತಿರ ಇದ್ದ ಹೆಂಗಸರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ದಿಲ್ಲಿಗೆ ಹೋಗಿದ್ದ ಸಣ್ಣವಳೂ ಅಲ್ಲಿದ್ದಳು. ಅವಳು ತಲೆ ತಗ್ಗಿಸಿಕೊಂಡು ಹಿಟ್ಟು ನಾದುತ್ತಿದ್ದಳು.

ಊಟ ಮಾಡಿ ಹೋಗು ಎಂದು ಎಬ್ಬಿಸಿ ಗಂಗಾಳದಲ್ಲಿ ಬಡಿಸಿದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಅದು ಕ್ಷಮೆಯೆಂದು ನಾನು ತಿಳಿಯಲಿಲ್ಲ. ಊಟದ ಹೊತ್ತಿಗೆ ಬಂದವರಿಗೆ ಬಡಿಸುವುದು ಅವರ ಮನೆಯ ಪದ್ಧತಿ. ಮುಂದಿನ ವರ್ಷ ಅದೇ ಮೇಳಕ್ಕೆ ಅವರು ಇಂಡಿಯ ಬೇರೆ ಅಂಗಡಿಯಲ್ಲಿ ಟಿಕೆಟ್ ತೆಗೆಸಿದರು ಎಂದು ಬೇರೆಯವರಿಂದ ತಿಳಿಯಿತು. ಕನ್ನೊಳ್ಳಿಗೆ ಸಿಂದಗಿ ಹತ್ತಿರ, ಇಂಡಿ ದೂರ.

ಈ ನಡುವೆ ಬುಕಿಂಗ್ ಪುಟ ಹಂತಹಂತವಾಗಿ ಬದಲಾಯಿತು. ಬೂದು ಗುರುತು ಹೋಯಿತು. ಅದರ ಜಾಗದಲ್ಲಿ, ನಿಮಗೆ ಅಡ್ಡಹೆಸರು ಇಲ್ಲವೇ ಎಂದು ಕೇಳುವ ಸಾಲು ಬಂತು. ಅದನ್ನು ಒತ್ತಿದರೆ ಕಾಲಂ ತಾನಾಗಿಯೇ ತುಂಬುತ್ತಿತ್ತು. ಅಕ್ಷರ ತಪ್ಪಿದ್ದರೆ ಒಂದು ದಿನದೊಳಗೆ ಪುಕ್ಕಟೆ ತಿದ್ದಿಕೊಳ್ಳಬಹುದು ಎಂದಾಯಿತು. ಫೋನಿನಲ್ಲಿ ಕನ್ನಡಕ್ಕೂ ಒಂದು ಅಂಕಿ ಬಂತು. ಆಮೇಲೆ ಮೊಬೈಲಿನಲ್ಲಿ ಪ್ರಶ್ನೆ ಬರೆದರೆ ಯಂತ್ರವೇ ಉತ್ತರ ಕೊಡುವ ವ್ಯವಸ್ಥೆ ಬಂತು. ಇದರಲ್ಲಿ ನನ್ನ ಪಟ್ಟಿಯ ಪಾಲು ಎಷ್ಟು, ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನನ್ನಂತೆ ಬರೆದವರು ದೇಶದ ತುಂಬ ಇದ್ದಿರಬೇಕು. ಒಮ್ಮೆ ಆ ಹೆಂಗಸಿನ ಸಂಖ್ಯೆಗೆ ಫೋನು ಹಚ್ಚಿದೆ. ಬೇರೆ ಯಾರೋ ಎತ್ತಿ, ಅವರು ಕೆಲಸ ಬಿಟ್ಟಿದ್ದಾರೆ ಎಂದರು.

ಕಳೆದ ಚಳಿಗಾಲದಲ್ಲಿ ಅಕ್ಕ ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಹೊಸ ಮೊಬೈಲು ಇತ್ತು.

"ಟಿಕೆಟ್ ತಗೀಲಾಕ ಬಂದಿಲ್ಲ. ಹೆಂಗ ತಗೀಬೇಕಂತ ಕಲಸು. ಇನ್ನ ಮ್ಯಾಲ ನಂದು ನಾನ ತಗೀತೇನಿ" ಎಂದರು.

ಕುರ್ಚಿ ಕೊಟ್ಟೆ. ನಾನು ಮೊಬೈಲನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಅವರೂ ಕೊಡಲಿಲ್ಲ. ಬಾಯಲ್ಲೇ ಹೇಳುತ್ತ ಹೋದೆ. ಊರು, ದಿನ, ಎಷ್ಟು ಜನ. ಹೆಸರಿನ ಪುಟ ಬಂದಾಗ ಅವರು ನಿಂತರು. ಅಡ್ಡಹೆಸರು ಇಲ್ಲ ಎಂಬುದನ್ನು ಒತ್ತಿದರು. ಅವರ ಹೆಸರು ಎರಡು ಸಲ ಮೂಡಿತು.

"ಎರಡ ಸಲ ಬರದ್ರ ನಾ ಇಬ್ಬರಾಗತೇನೇನ?"

"ಇಲ್ಲರಿ, ಒಬ್ಬಾಕಿನ."

"ಹೆಸರು ಎರಡ ಬರಸ್ಕೊಂಡ್ರ ಸೀಟೂ ಎರಡ ಕೊಡ್ಲಿ" ಎಂದು ಗಂಭೀರವಾಗಿಯೇ ಹೇಳಿ ಮುಂದಿನ ಪುಟಕ್ಕೆ ಹೋದರು.

ಟಿಕೆಟ್ ಬಂದ ಮೇಲೆ ನೋಡಿದರೆ ಜೊತೆಯವಳ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ನಾನು ತಿದ್ದಿಕೊಡಲೇ ಎಂದು ಕೇಳಿದೆ. ಬೇಡ ಎಂದರು. ಯಂತ್ರದ ಪುಟ ತೆರೆದು, ಬರೆಯುವ ಬದಲು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, "ಹೆಸರಿನ್ಯಾಗ ಒಂದಕ್ಷರ ತಪ್ಪೇತಿ, ತಿದ್ದಬೇಕಾಗೇತಿ ನೋಡು" ಎಂದರು. ದಯವಿಟ್ಟು ತಮ್ಮ ಕೋರಿಕೆಯನ್ನು ಇನ್ನೊಮ್ಮೆ ತಿಳಿಸಿ ಎಂದು ಯಂತ್ರ ಬರೆಯಿತು. ಅವರು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು. ಯಂತ್ರ ಸಾಮಾನಿನ ತೂಕದ ನಿಯಮ ತೋರಿಸಿತು. ಅಬ್ಬಾಗೆ ನಗು ತಡೆಯಲಾಗಲಿಲ್ಲ. ಅಕ್ಕ ಅವರ ಕಡೆ ನೋಡಿ, "ನಗಬ್ಯಾಡ್ರಿ ಕಾಕಾ, ಇದಕ್ಕ ನಮ್ಮ ಮಾತು ಯಾರೂ ಕಲಿಸಿಲ್ಲ" ಎಂದರು. ಮೂರನೆಯ ಸಲ ಶಾಲೆಯ ಪುಸ್ತಕ ಓದುವ ಹಾಗೆ ಬಿಡಿಸಿ ಬಿಡಿಸಿ, "ಹೆಸರು ತಿದ್ದಬೇಕಾಗಿದೆ" ಎಂದರು. ಕೂಡಲೇ ಪುಟ ತೆರೆಯಿತು. ಅಕ್ಷರ ತಿದ್ದಿಕೊಂಡರು. ಎಲ್ಲ ಸೇರಿ ಮುಕ್ಕಾಲು ತಾಸು ಹಿಡಿದಿತ್ತು.

ಏಳುವಾಗ, ಬಾಗೇವಾಡಿಯ ಹುಡುಗಿಗೆ ಲಗ್ನವಾಗಿದೆ, ಈಗ ಬೇರೆ ಊರಿನ ವಿಮಾನ ನಿಲ್ದಾಣದಲ್ಲಿ ಇದ್ದಾಳೆ, ಹಬ್ಬಕ್ಕೆ ತವರಿಗೆ ಬಂದಾಗ ಕನ್ನೊಳ್ಳಿಗೂ ಬಂದು ಹೋದಳು ಎಂದು ಹೇಳಿದರು.

ವಿಮಾನದ ಟಿಕೆಟ್ಟಿಗೆಂದು ಅಂಗಡಿಗೆ ಬರುವವರು ಈಗ ಕಡಿಮೆ. ಬಹಳ ಜನ ಅಕ್ಕನ ಹಾಗೆ ತಾವೇ ತೆಗೆಯುತ್ತಾರೆ. ಅದು ಸುಲಭವಾಗಲಿ ಎಂದು ಬರೆದವರಲ್ಲಿ ನಾನೂ ಒಬ್ಬಳು, ಆದ್ದರಿಂದ ದೂರಲು ಬರುವುದಿಲ್ಲ. ಬರುವವರು ಹೆಚ್ಚಾಗಿ ವಯಸ್ಸಾದವರು, ಇಲ್ಲವೇ ಒಮ್ಮೆ ಎಲ್ಲಿಯೋ ತಪ್ಪಿ ಹೆದರಿದವರು. ಮೊನ್ನೆ ಲಚ್ಯಾಣದ ಒಬ್ಬ ಮುದುಕರು ಬಂದು, ಮೊಮ್ಮಗಳು ಮೊಬೈಲಿನಲ್ಲಿ ಟಿಕೆಟ್ ತೆಗೆದಿದ್ದಾಳೆ, ಸರಿಯಾಗಿದೆಯೋ ಇಲ್ಲವೋ ನೋಡಿ ಹೇಳಿ ಎಂದರು. ಕಾರ್ಡು ಇಸಿದುಕೊಂಡು ಅಕ್ಷರಕ್ಕೆ ಅಕ್ಷರ ಹಿಡಿದು ನೋಡಿದೆ. ಸರಿಯಾಗಿತ್ತು. ಅವರು ಒಂದು ಲೋಟ ನೀರು ಕುಡಿದು ಬಸ್ಸಿಗೆ ಹೋದರು.